ಈಜಿಪ್ಟಿನ ‘ರೆಖ್’: ಗೊತ್ತಾಯಿತು ಬೇರೆ, ಗೊತ್ತಿದೆ ಬೇರೆ

ಪ್ರಶ್ನೆ: ಮಿಡಲ್ ಈಜಿಪ್ಶಿಯನ್ (ಪ್ರಾಚೀನ ಈಜಿಪ್ಟಿನ ಭಾಷೆಯ ಒಂದು ಘಟ್ಟ) ಕಲಿಯುತ್ತಿದ್ದೇನೆ. ‘ರೆಖ್’ ಅಂದರೆ ‘ತಿಳಿ’ ಎಂದು ನಿಘಂಟಿನಲ್ಲಿದೆ. ಆದರೆ ‘ನನಗೆ ಗೊತ್ತು’ ಅನ್ನುವ ಕಡೆ ‘ರೆಖ್-ಕುಯಿ’ ಅಂತ ಬರುತ್ತದೆ. ಸ್ವರವನ್ನೇ ಬರೆಯದ ಲಿಪಿಯಲ್ಲಿ ಕಾಲವನ್ನು ಗುರುತಿಸುವುದು ಹೇಗೆ?

ಉತ್ತರ: ಕಾಲದ ವಿಚಾರ ಸ್ವಲ್ಪ ಪಕ್ಕಕ್ಕಿಡಿ. ಕೆಲಸ ನಡೆಯಿತಾ, ಅಥವಾ ನಡೆದು ಆದ ಸ್ಥಿತಿ ಇನ್ನೂ ಇದೆಯಾ? ಮೊದಲು ನೋಡಬೇಕಾದ್ದು ಇದನ್ನು. ‘ರೆಖ್’ ಧಾತುವಿನ ಮೂಲ ಅರ್ಥ ‘ಗೊತ್ತಾಗು, ತಿಳಿದುಕೊ’. ಹಾಗೆ ತಿಳಿದುಕೊಂಡ ಮೇಲೆ ಉಳಿಯುವ ಸ್ಥಿತಿಯೇ ‘ಗೊತ್ತಿದೆ’. ಕನ್ನಡದವರಿಗೆ ಇದು ಕಷ್ಟವೇ ಅಲ್ಲ, ‘ಗೊತ್ತಾಯಿತು’ ಮತ್ತು ‘ಗೊತ್ತಿದೆ’ ನಮಗೂ ಬೇರೆ ಬೇರೆ ಅಲ್ವಾ?

ಈ ಸ್ಥಿತಿಗೆ ಅಲ್ಲಿ ಪ್ರತ್ಯೇಕ ರೂಪವೇ ಇದೆ. ವ್ಯಾಕರಣದಲ್ಲಿ ಅದಕ್ಕೆ ಸ್ಟೇಟಿವ್ ಅನ್ನುತ್ತಾರೆ. ‘ಕುಯಿ’ ಅದರ ‘ನಾನು’ ಪ್ರತ್ಯಯ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಇರ್ತಿಸೆನ್ ಎಂಬ ಕುಶಲಕರ್ಮಿಯ ಶಿಲಾಫಲಕವಿದೆ, ಕ್ರಿ.ಪೂ. 2000ರ ಆಸುಪಾಸಿನದು. ಹೈರೊಗ್ಲಿಫ್‌ಗಳ, ಅಂದರೆ ಆ ಚಿತ್ರಲಿಪಿಯ, ಗುಟ್ಟು ನನಗೆ ಗೊತ್ತು ಎಂದು ಅವನು ಹೇಳಿಕೊಳ್ಳುವುದು ಇದೇ ರೂಪದಲ್ಲಿ. ಎಷ್ಟು ಹೆಮ್ಮೆಯ ಮಾತು ಅದು! ಒಂದು ಎಚ್ಚರ: ಕರ್ಮ ಬೇಡುವ ಬೇರೆ ಕ್ರಿಯಾಪದಗಳು ಸ್ಟೇಟಿವ್‌ನಲ್ಲಿ ಸಾಮಾನ್ಯವಾಗಿ ‘ಮನೆ ಕಟ್ಟಲಾಗಿದೆ’ ಅನ್ನುವಂಥ ಅರ್ಥ ಕೊಡುತ್ತವೆ, ಅಂದರೆ ಕಟ್ಟಿದವನು ಅಲ್ಲಿ ಕಾಣುವುದಿಲ್ಲ. ‘ರೆಖ್’ ಇದಕ್ಕೆ ಹೊರತು.

ಇನ್ನೊಂದು ದೊಡ್ಡ ಗುಂಪು ಪ್ರತ್ಯಯ ಸೇರುವ ರೂಪಗಳದ್ದು. ವ್ಯಾಕರಣ ಪುಸ್ತಕಗಳ ಮಾದರಿ ಧಾತು ‘ಸೆಜೆಮ್’, ಅಂದರೆ ‘ಕೇಳು’. ‘ಫ್’ ಅಂದರೆ ‘ಅವನು’. ‘ಸೆಜೆಮ್-ಫ್’ ಅಂತ ಬರೆದಿದ್ದರೆ ‘ಕೇಳುತ್ತಾನೆ’ ಆಗಬಹುದು, ‘ಕೇಳಲಿ’ ಕೂಡ ಆಗಬಹುದು. ನಡುವೆ ‘ನ್’ ಸೇರಿ ‘ಸೆಜೆಮ್-ನ್-ಫ್’ ಆದರೆ ‘ಕೇಳಿದ್ದಾನೆ’. ಇಷ್ಟರವರೆಗೆ ಸರಾಗ.

ಎಲ್ಲರೂ ಎಡವುವುದು ನಿಷೇಧದಲ್ಲಿ. ಎರಡೂ ಕೈ ಚಾಚಿದ ಚಿಹ್ನೆ ಮುಂದೆ ಬಂದರೆ ಅದು ‘ಇಲ್ಲ’. ಆ ‘ಇಲ್ಲ’ ಜೊತೆ ‘ಸೆಜೆಮ್-ನ್-ಫ್’ ಬಂದರೆ ‘ಕೇಳಿಲ್ಲ’ ಎಂದು ಓದಬೇಡಿ. ಅದು ‘ಕೇಳುವುದಿಲ್ಲ, ಕೇಳಲಾರ’. ‘ಕೇಳಲಿಲ್ಲ’ ಅನ್ನಲು ‘ನ್’ ಇಲ್ಲದ ‘ಸೆಜೆಮ್-ಫ್’ ಬೇಕು! ಇದನ್ನು ಈಜಿಪ್ಟ್ ಅಧ್ಯಯನದ ವಿದ್ವಾಂಸ ಬ್ಯಾಟಿಸ್‌ಕೂಂಬ್ ಗನ್ 1924ರಲ್ಲಿ ತೋರಿಸಿಕೊಟ್ಟರು, ಹಾಗಾಗಿ ಗನ್ ನಿಯಮ ಅನ್ನುತ್ತಾರೆ. ನನ್ನ ಪ್ರಕಾರ ಪ್ರತ್ಯಯಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಮೊದಲು ಇದು ತಲೆಗೆ ಹೋಗಬೇಕು, ಯಾಕಂದರೆ ಇಲ್ಲಿ ತಪ್ಪಿದರೆ ಇಡೀ ವಾಕ್ಯ ತಲೆಕೆಳಗು.

ಸ್ವರ ಇಲ್ಲದಿದ್ದರೂ ಕೆಲವು ಧಾತುಗಳು ಗುರುತು ಬಿಟ್ಟುಕೊಡುತ್ತವೆ. ‘ಮೆರಿ’ (ಪ್ರೀತಿಸು) ಕೆಲವು ರೂಪಗಳಲ್ಲಿ ‘ಮೆರೆರ್’ ಆಗುತ್ತದೆ, ‘ಪೆರಿ’ (ಹೊರಗೆ ಹೋಗು) ‘ಪೆರೆರ್’ ಆಗುತ್ತದೆ. ಆ ಎರಡನೇ ‘ರ್’ ಬರವಣಿಗೆಯಲ್ಲೇ ಕಾಣುತ್ತದೆ. ‘ಸೆಜೆಮ್’ನಂಥ ಗಟ್ಟಿ (ಬರವಣಿಗೆಯಲ್ಲಿ ಹೀಗೆ ಬದಲಾಗದ) ಧಾತುವಿನಲ್ಲಿ ಈ ಸಹಾಯ ಸಿಗುವುದಿಲ್ಲ. ಅಲ್ಲಿ ಗೊಂದಲವಾದರೆ ಅದೇ ಜಾಗದಲ್ಲಿ ‘ಮೆರಿ’ ಬಂದಿರುವ ವಾಕ್ಯ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.