ಗಾಜು, ಪಿಂಗಾಣಿ ಒಡೆದರೆ ಕ್ಲೇಮ್ ಸರಿಯಾಗಿ ಕೊಡುವ ಕೊರಿಯರ್ ಯಾವುದು?

ಡೊಂಬಿವಲಿಯಿಂದ ಪಿಂಗಾಣಿ ಕಪ್ಪು ಕಳಿಸುತ್ತೀರಿ. 40 ದಿನದ ಹಿಂದೆ ಬುಕ್ ಮಾಡಿದ ಬಾಕ್ಸಿನಲ್ಲಿ ಅರ್ಧ ಒಡೆದಿತ್ತು. ‘ಪ್ಯಾಕಿಂಗ್ ಸರಿ ಇಲ್ಲ’ ಅಂತ ಕ್ಲೇಮ್ ತಳ್ಳಿಹಾಕಿದರು. ಈಗ ಕೊರಿಯರ್ ಬದಲಿಸಲಾ, ವಿಮೆ ಮಾಡಿಸಲಾ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದನ್ನೇ ಕಂಡವರ ಹತ್ತಿರ ಕೇಳುತ್ತಿದ್ದೆ. ಪ್ರಶ್ನೆಯೇ ತಪ್ಪು ಮಾರಾಯ್ರೆ.

ನನ್ನದು ಪುಣೆಯ ನಿಗಡಿಯಲ್ಲಿ ಉಪ್ಪಿನಕಾಯಿ ವ್ಯಾಪಾರ. ಶಿರಸಿ ಕಡೆಯ ಅಪ್ಪೆಮಿಡಿ, 400 ಗ್ರಾಂ ಗಾಜಿನ ಬಾಟಲಿ, ಬಾಕ್ಸಿಗೆ 12. ಒಂದು ಜುಲೈ ಮಳೆಯಲ್ಲಿ ವಾಸ್ಕೊದ ಗದಗಿನವರೊಬ್ಬರ ಅಂಗಡಿಗೆ ನಾಲ್ಕು ಬಾಕ್ಸ್ ಹೋದವು. ಒಂದರ ತಳದಲ್ಲಿ ಅಂಗೈ ಅಗಲದ ಒದ್ದೆ ಕಲೆ, ಅಂಚಿಗೆ ಕೆಂಪು ಮಸಾಲೆ. ಅಂಗಡಿಯ ಹುಡುಗ ಅದನ್ನು ಬಾಗಿಲಲ್ಲೇ ಕಂಡಿದ್ದ. ಕಂಡೂ ಪಿಒಡಿಗೆ, ಅಂದರೆ ಮಾಲು ತಲುಪಿದ್ದಕ್ಕೆ ಕೊರಿಯರ್‌ನವರು ಸಹಿ ತಗೊಳ್ಳುವ ರಸೀದಿಗೆ, ಸಹಿ ಹಾಕಿ ಒಳಗಿಟ್ಟ. ಸಂಜೆ ಬಿಚ್ಚಿದರೆ ಏಳು ಬಾಟಲಿ ಚೂರು, ಉಳಿದ ಐದರ ಲೇಬಲ್ ಕಿತ್ತು ಬಂದಿತ್ತು. ಫೋಟೋ ಹಚ್ಚಿ ಮೇಲ್ ಕಳಿಸಿದೆ. ಒಂದೇ ಸಾಲಿನ ಉತ್ತರ: ಮಾಲು ಸುಸ್ಥಿತಿಯಲ್ಲಿ ತಲುಪಿದೆ ಎಂದು ಸಹಿ ಇದೆ.

ನನ್ನ ಕ್ಲೇಮ್ ಸತ್ತದ್ದು ಅಲ್ಲಿ. ಆ ಸಾಲು ಪಿಒಡಿಯಲ್ಲಿ ಸಣ್ಣಕ್ಷರದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸಹಿ ಬಿದ್ದ ಕೂಡಲೇ ಅದು ಪಡೆದವರ ಮಾತಾಗುತ್ತದೆ. ಅಲ್ಲಿಯವರೆಗೆ ‘ಮಾಲು ನಿಮ್ಮ ಕೈಯಲ್ಲಿತ್ತು, ಹೇಗೆ ಒಡೆಯಿತು ಹೇಳಿ’ ಅಂತ ಕೇಳುವವರು ನಾವು. ಆಮೇಲೆ ‘ಅಂಗಡಿಯಲ್ಲಿ ಒಡೆದಿಲ್ಲ’ ಅಂತ ಸಾಬೀತು ಮಾಡುವವರೂ ನಾವೇ. ಓಟಿಪಿ ಹೇಳಿದರೂ ಸಹಿ ಹಾಕಿದಂತೆಯೇ. ಹುಡುಗನ ತಪ್ಪೇನಿಲ್ಲ. ‘ಬಾಕ್ಸ್ ಎಣಿಸಿ ತಗೊಳ್ಳಿ’ ಅಂತ ಮಾತ್ರ ನಾನು ಹೇಳಿದ್ದೆ. ಅವನು ಎಣಿಸಿದ, ನಾಲ್ಕಿತ್ತು.

ಈಗ ನನ್ನ ಪ್ರತಿ ಬಾಕ್ಸಿನ ಮೇಲೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಸ್ಟಿಕರ್ ಇರುತ್ತದೆ: ಒದ್ದೆ, ಜಜ್ಜಿದ, ಟೇಪ್ ಬದಲಾದ ಬಾಕ್ಸ್ ಕಂಡರೆ ಸಹಿಯ ಪಕ್ಕದಲ್ಲೇ ‘1 ಬಾಕ್ಸ್ ಒದ್ದೆ, ಒಳಗೆ ಗಾಜಿನ ಸದ್ದು’ ಅಂತ ಬರೆಯಿರಿ, ತಂದವನ ಸಹಿಯನ್ನೂ ತಗೊಳ್ಳಿ. ಮೊಬೈಲಿನಲ್ಲಿ ಸಹಿ ಕೇಳಿದರೆ ಓಟಿಪಿ ಕೊಡುವ ಮೊದಲೇ ಬಾಕ್ಸಿನ ಆರೂ ಮೈ, ಡಾಕೆಟ್ ನಂಬರ್ (ಬುಕಿಂಗ್ ಚೀಟಿಯ ನಂಬರ್) ಕಾಣುವಂತೆ ವಿಡಿಯೋ. ಬಿಚ್ಚುವಾಗ ಕ್ಯಾಮೆರಾ ನಿಲ್ಲಿಸಬಾರದು. ಚೂರು, ಹೊರಗಿನ ರಟ್ಟು ಎರಡನ್ನೂ ಇಟ್ಟುಕೊಳ್ಳಬೇಕು. ನಷ್ಟ ಅಳೆಯುವ ವಿಮೆ ಸರ್ವೇಯರ್ ಬಂದು ಕೇಳುವುದು ರಟ್ಟನ್ನೇ.

ವಿಮೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ವಿಮೆ ಕಂಪನಿ ನಿಮಗೆ ಹಣ ಕೊಟ್ಟ ಮೇಲೆ ನಿಮ್ಮ ಹಕ್ಕನ್ನು ತಾನು ವಹಿಸಿಕೊಂಡು ಕೊರಿಯರ್‌ನವರ ಹಿಂದೆ ಬೀಳುತ್ತದೆ. ಅದಕ್ಕೇ ಮೊದಲು ಕೇಳುವುದು ಅದೇ ಪಿಒಡಿ, ಮಾಲು ಒಡೆದಿದೆ ಎಂದು ಸಾಗಣೆದಾರರು ಕೊಡುವ ಡ್ಯಾಮೇಜ್ ಸರ್ಟಿಫಿಕೇಟ್ ಮತ್ತು ನೀವು ಸಾಗಣೆದಾರರಿಗೆ ಸಮಯಕ್ಕೆ ಕೊಟ್ಟ ಕ್ಲೇಮ್ ಪತ್ರದ ನಕಲು. ಪಕ್ಕದಲ್ಲಿ ಏನೂ ಬರೆಯದ ಕ್ಲೀನ್ ಸಹಿ ಬಿದ್ದಿದ್ದರೆ ಅಲ್ಲೂ ಎಳೆದಾಟವೇ.

ಕೊರಿಯರ್ ಬದಲಿಸುವುದೂ ಅಷ್ಟೇ, ಎಲ್ಲರ ಷರತ್ತೂ ಒಂದೇ ಜಾತಿಯದು. 2007ರ ರಸ್ತೆ ಸಾಗಣೆ ಕಾಯ್ದೆಯ ಲೆಕ್ಕದಲ್ಲಿ ಕೊರಿಯರ್ ಏಜೆನ್ಸಿಯೂ ‘ಕಾಮನ್ ಕ್ಯಾರಿಯರ್’, ಅಂದರೆ ಯಾರ ಮಾಲನ್ನಾದರೂ ಬಾಡಿಗೆಗೆ ಸಾಗಿಸುವವರು. ಹೆಚ್ಚಿನ ರಿಸ್ಕ್ ದರ (ಹೆಚ್ಚು ಹೊಣೆ ಹೊರಲು ಕೊಡುವ ಹೆಚ್ಚುವರಿ ಹಣ) ಕಟ್ಟದಿದ್ದರೆ ಅವರ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ನಿಲ್ಲುತ್ತದೆ, ಅದೂ ನೀವು ಬರೆದ ಮೌಲ್ಯ ಮೀರದಂತೆ. 6,000 ರೂಪಾಯಿ ಕಪ್ಪಿಗೆ 250 ಕಟ್ಟಿದ್ದರೆ ಕೈಗೆ ಬರುವುದು ಹೆಚ್ಚೆಂದರೆ 2,500. ನಾಲ್ಕು ಕಾಸು ಉಳಿಸಲು ಮೌಲ್ಯ 1,000 ಅಂತ ಬರೆದಿದ್ದರೆ ಆ ಸಾವಿರವೇ ಗತಿ. ‘ಸಣ್ಣಕ್ಷರ ಯಾರು ಓದುತ್ತಾರೆ’ ಅನ್ನುವ ವಾದವನ್ನು ಹೆಚ್ಚು ನಂಬಬೇಡಿ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಹಿ ಹಾಕಿದ ಕೊರಿಯರ್ ಚೀಟಿಯ ಮಿತಿಯನ್ನೇ ಎತ್ತಿಹಿಡಿದು 100 ಡಾಲರಿಗೆ ನಿಲ್ಲಿಸಿತು. ಹಾಗಾಗಿ ಗಾಜು, ಪಿಂಗಾಣಿಗೆ ‘ಓನರ್ಸ್ ರಿಸ್ಕ್’ (ನಷ್ಟ ಮಾಲಿನವರದು) ಬೇಡ, ‘ಕ್ಯಾರಿಯರ್ಸ್ ರಿಸ್ಕ್’ (ನಷ್ಟ ಸಾಗಿಸುವವರದು) ಬರೆಸಿ, ಬಿಲ್ಲಿನ ಪೂರ್ತಿ ಮೌಲ್ಯ ಹಾಕಿ. ಒಪ್ಪಂದದಲ್ಲಿ ‘ಗಾಜು, ದ್ರವ ಹೊರತು’ ಅಂತಿದ್ದರೆ ರಿಸ್ಕ್ ದರ ಕಟ್ಟಿಯೂ ಪ್ರಯೋಜನವಿಲ್ಲ, ಅದನ್ನು ಮೊದಲೇ ನೋಡಿ. ಹಲವು ಕೊರಿಯರ್ ಸೇರಿಸಿದ ಆ್ಯಪ್‌ನಿಂದ ಬುಕ್ ಮಾಡಿದ್ದರೆ ನಿಮ್ಮ ಒಪ್ಪಂದ ಆ ಆ್ಯಪ್‌ನವರ ಜೊತೆ. ಮೊದಲ ದೂರು ಅಲ್ಲೇ.

‘ಪ್ಯಾಕಿಂಗ್ ಸರಿ ಇಲ್ಲ’ ಎಂಬುದಕ್ಕೆ ಬಾಯಿಮಾತಿನ ಉತ್ತರ ಸಾಲದು. ಐದು ಪದರದ ರಟ್ಟು, ಪ್ರತಿ ಬಾಟಲಿಗೂ ಬೇರೆ ಖಾನೆ, ಸುತ್ತ ಐದು ಸೆಂಟಿಮೀಟರ್ ಮೆತ್ತೆ, ಒಳಗೆ ಪ್ಲಾಸ್ಟಿಕ್ ಚೀಲ. ಮಳೆಗಾಲದಲ್ಲಿ ತೇವ ಹೀರಿದ ರಟ್ಟು ಮೇಲಿನ ಭಾರ ತಡೆಯುವುದಿಲ್ಲ, ತಳದ ಬಾಕ್ಸ್ ಜಜ್ಜಿಹೋಗುತ್ತದೆ. ತುಂಬಿದ ಬಾಕ್ಸ್ ಒಂದನ್ನು, ಒಂಬತ್ತು ಕಿಲೋ ಒಳಗಿನದಾದರೆ, 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸಿ: ಒಂದು ಮೂಲೆ, ಮೂರು ಅಂಚು, ಆರು ಮೈ. ಸಾಗಣೆ ಪರೀಕ್ಷೆಯ ಇಸ್ಟಾ 1ಎ ಕ್ರಮದಲ್ಲಿ ಬೀಳಿಸುವುದು ಹೀಗೇ. ಒಡೆಯದಿದ್ದರೆ ಆ ವಿಡಿಯೋವನ್ನೇ ಕ್ಲೇಮಿಗೆ ಹಚ್ಚಿ. ನನ್ನ ಮೊದಲ ಬಾಕ್ಸ್ ಮೂರನೇ ಏಟಿಗೇ ಹೋಯಿತು. ನಾಲ್ಕು ದಿನ ಮನೆಯೆಲ್ಲ ಇಂಗಿನ ವಾಸನೆ.

ಜಿಎಸ್‌ಟಿ ಇದ್ದವರು ಒಡೆದ ಮಾಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿ ತಮ್ಮ ತೆರಿಗೆಯಲ್ಲಿ ಮುರಿದುಕೊಂಡ ಜಿಎಸ್‌ಟಿ) ವಾಪಸ್ ಮಾಡಬೇಕು, ಸೆಕ್ಷನ್ 17(5)(ಎಚ್). ಆ ನಷ್ಟವನ್ನೂ ಕ್ಲೇಮ್ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ.

ನಿಮ್ಮ ಈ ಪಾರ್ಸೆಲ್ ಇನ್ನೂ ಸತ್ತಿಲ್ಲ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ತಲುಪದಿದ್ದರೆ ದಾವೆಯನ್ನಾಗಲಿ ಬೇರೆ ಕಾನೂನು ಕ್ರಮವನ್ನಾಗಲಿ ಹೂಡಲು ಬರುವುದಿಲ್ಲ. ನಿಮಗೆ 140 ದಿನ ಬಾಕಿ ಇದೆ. ಮೇಲ್ ಒಂದನ್ನೇ ನಂಬದೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಡಾಕೆಟ್ ನಂಬರ್, ಬುಕಿಂಗ್ ತಾರೀಕು, ಒಡೆದ ಸಂಖ್ಯೆ, ಕೇಳುವ ಮೊತ್ತ, ಇಷ್ಟು ಸಾಕು. ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಎರಡು ವರ್ಷದೊಳಗೆ, ನೀವಿರುವ ಊರಿನಲ್ಲೇ. ‘ವ್ಯಾಪಾರಿ ಗ್ರಾಹಕನಲ್ಲ’ ಅಂತ ಅವರು ಹೇಳಿಯೇ ಹೇಳುತ್ತಾರೆ. ಸ್ವಂತ ದುಡಿಮೆಯ ಜೀವನೋಪಾಯ ಅಂತ ದೂರಿನ ಮೊದಲ ಪುಟದಲ್ಲೇ ಬರೆದುಬಿಡಿ. ಅದಕ್ಕೂ ಮೊದಲು ಇವತ್ತೇ ಗಿರಾಕಿಗೆ ಫೋನ್ ಮಾಡಿ, ಚೂರು ಮತ್ತು ರಟ್ಟನ್ನು ರದ್ದಿಗೆ ಹಾಕಿದ್ದಾರಾ ಕೇಳಿ.