ಹಿತ್ತಿಲ ಬಾಗಿಲಿನಿಂದ ಬನ್ನಿ

ನಮಸ್ಕಾರ.

ನೀವು ಕಳುಹಿಸಿದ ‘ಎರ್ಡಿಗ್: ಒಂದು ಅರಮನೆಯ ಕಥೆ’ಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ಹೆಸರು. ವೆಲ್ಷ್ ಭಾಷೆಯಲ್ಲಿ ಎರಡು ‘ಡಿ’ ಒಟ್ಟಿಗೆ ಬಂದರೆ ಹೆಚ್ಚುಕಡಿಮೆ ನಮ್ಮ ‘ದ’ಕಾರದಂತೆ ಕೇಳುತ್ತದೆ. ಹಾಗಾಗಿ ಎರ್ದಿಗ್. ಇನ್ನು, ಅದು ಅರಮನೆಯೂ ಅಲ್ಲ. ಅಲ್ಲಿ ಯಾವ ರಾಜನೂ ಆಳಲಿಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ, ರೆಕ್ಸಮ್ ಊರಿನ ಪಕ್ಕದ ಜಮೀನ್ದಾರರ ಬಂಗಲೆ ಅದು. ‘ದೊಡ್ಡಮನೆ’ ಅಂದರೆ ಸಾಕು. ಮೈಸೂರು ಅರಮನೆಯ ಹೋಲಿಕೆಯನ್ನು ದಯವಿಟ್ಟು ತೆಗೆಯಿರಿ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. 1684ರಲ್ಲಿ ಜೋಶುವಾ ಎಡಿಸ್‌ಬರಿ ಮನೆ ಕಟ್ಟಲು ಶುರು ಮಾಡಿ ಸಾಲದಲ್ಲಿ ಮುಳುಗಿದ. ಲಂಡನ್ನಿನ ವಕೀಲ ಜಾನ್ ಮೆಲ್ಲರ್ ಅದನ್ನು ಕೊಂಡು, ಎರಡೂ ಬದಿಗೆ ಬೆಳೆಸಿ, ದುಬಾರಿ ಪೀಠೋಪಕರಣ ತುಂಬಿಸಿದ. ಮದುವೆಯಾಗದ ಆತ 1733ರಲ್ಲಿ ತೀರಿಕೊಂಡ ಮೇಲೆ ಮನೆ ಸೋದರಳಿಯ ಸೈಮನ್ ಯಾರ್ಕ್‌ಗೆ ಬಂತು. ಇಲ್ಲಿಯವರೆಗೆ ಚೆನ್ನಾಗಿದೆ. ಆಮೇಲೆ? ಅಲ್ಲಿಂದ 1973ರವರೆಗೆ ಬಂದ ಏಳು ಯಜಮಾನರಲ್ಲಿ ನಾಲ್ವರು ಸೈಮನ್, ಮೂವರು ಫಿಲಿಪ್! ಹಿರಿಯರ ಹೆಸರು ಮಕ್ಕಳಿಗೆ ಇಡುವುದು ನಮಗೇನೂ ಹೊಸದಲ್ಲ. ಆದರೆ ನೀವು ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಮೂರನೇ ಸೈಮನ್ ಬರುವಷ್ಟರಲ್ಲಿ ನಾನು ಪೆನ್ಸಿಲ್ ಹಿಡಿದು ವಂಶವೃಕ್ಷ ಬರೆಯುತ್ತಾ ಕೂತಿದ್ದೆ. ಓದುಗರು ಅಷ್ಟು ಕಷ್ಟಪಡುವುದಿಲ್ಲ. ಇಬ್ಬರು ಫಿಲಿಪ್‌ರನ್ನು ಉಳಿಸಿಕೊಳ್ಳಿ, ಮೊದಲನೆಯವನು ಮತ್ತು ಕೊನೆಯವನು. ಉಳಿದವರು ಒಂದು ವಾಕ್ಯದಲ್ಲಿ ಮುಗಿಯಲಿ.

ಮೊದಲ ಫಿಲಿಪ್ ಯಾಕೆ ಬೇಕು ಅಂದರೆ, 1790ರ ದಶಕದಲ್ಲಿ ಅವನು ಮನೆಗೆಲಸದವರ ಚಿತ್ರ ಬರೆಸಿದ. ಬಡಗಿ, ಕಮ್ಮಾರ, ಕಟುಕ, ಬೇಟೆಕಾಡಿನ ಕಾವಲುಗಾರ, ಎಲ್ಲರದೂ. ಡೆನ್‌ಬಿಯ ಜಾನ್ ವಾಲ್ಟರ್ಸ್ ಕೈಯಲ್ಲಿ, ಎಣ್ಣೆಬಣ್ಣದಲ್ಲಿ. ಅಷ್ಟೂ ಸಾಲದೆ ಒಬ್ಬೊಬ್ಬರ ಮೇಲೂ ತಾನೇ ಪದ್ಯ ಕಟ್ಟಿದ. ಆ ಕಾಲದಲ್ಲಿ ಎಷ್ಟು ಮಂದಿ ಧಣಿಗಳು ಹೀಗೆ ಮಾಡಿದ್ದಾರು? ನಿಮ್ಮ ಲೇಖನದಲ್ಲಿ ಇದು ಏಳನೇ ಪುಟಕ್ಕೆ ಬರುತ್ತದೆ, ಅದೂ ಆರೇ ಸಾಲು. ಜೇನ್ ಎಬ್ರೆಲ್ ಎಂಬ ಅಜ್ಜಿಯ ಚಿತ್ರವಿದೆ. 1793ರಲ್ಲಿ ಬರೆಸಿದ್ದು, ಆಗ ಆಕೆಗೆ 87 ವರ್ಷ. ಅಲ್ಲಿ ಅವಳ ಕೆಲಸ ಜೇಡರ ಬಲೆ ಗುಡಿಸುವುದು ಎಂದೇ ಬರೆದಿದ್ದಾರೆ. ಇಂಥವಳನ್ನು ಕೈಯಲ್ಲಿಟ್ಟುಕೊಂಡು ನೀವು ‘ವೇಲ್ಸ್ ಸುಂದರವಾದ ನಾಡು’ ಎಂದು ಶುರು ಮಾಡುವುದೇ?

ಆದರೆ ಒಂದು ಎಚ್ಚರಿಕೆ. ‘ಯಾರ್ಕ್ ಕುಟುಂಬ ಆಳುಗಳನ್ನು ಮನೆಮಂದಿಯಂತೆ ನೋಡಿಕೊಂಡಿತು’ ಎಂದು ಎರಡು ಕಡೆ ಬರೆದಿದ್ದೀರಿ. ಹಾಗೆಂದು ಯಾರು ಹೇಳಿದರು? ಪದ್ಯ ಬರೆದದ್ದು ಧಣಿ. ಜೇನ್ ಅಜ್ಜಿ ತನ್ನ ಧಣಿಯ ಮೇಲೆ ಪದ್ಯ ಬರೆದಿದ್ದರೆ ಅದರಲ್ಲಿ ಏನಿರುತ್ತಿತ್ತೋ! 1907ರ ವಿಷಯವನ್ನೂ ಒಂದೇ ಸಾಲಲ್ಲಿ ದಾಟಿಸಿದ್ದೀರಿ, ‘ಒಬ್ಬ ಅಡುಗೆಯವಳ ಮೇಲೆ ಕಳ್ಳತನದ ಆರೋಪ ಬಂತು’ ಅಂತ. ಆಕೆಗೆ ಹೆಸರಿದೆ, ಎಲೆನ್ ಪೆಂಕೆತ್. 500 ಪೌಂಡ್ ಕದ್ದಳೆಂದು ಕೋರ್ಟಿಗೆ ಎಳೆದರು. ಅವಳು ತಪ್ಪಿತಸ್ಥಳಲ್ಲ ಎಂದು ತೀರ್ಪಾಯಿತು. ಗೋಡೆ ತುಂಬ ಆಳುಗಳ ಚಿತ್ರ ನೇತುಹಾಕಿದ ಮನೆಯಲ್ಲೇ ಇದು ನಡೆದದ್ದು. ಎರಡನ್ನೂ ಅಕ್ಕಪಕ್ಕ ಇಡಿ. ವ್ಯಾಖ್ಯಾನ ಬೇಡ.

ಎಲಿಹು ಯೇಲ್ ಬಗ್ಗೆ ಒಂದೂವರೆ ಪುಟ ಇದೆ. ಮದ್ರಾಸಿನ ಗವರ್ನರ್ ಆಗಿದ್ದವನ ಸಮಾಧಿ ರೆಕ್ಸಮ್ ಚರ್ಚಿನ ಅಂಗಳದಲ್ಲಿದೆ ಎಂಬುದು ಸ್ವಾರಸ್ಯವೇ. ಆದರೆ ಅದು ಬೇರೆ ಲೇಖನ. ಬೇಕಿದ್ದರೆ ಆಮೇಲೆ ಬರೆದು ಕಳಿಸಿ.

ಕೊನೆಯ ಫಿಲಿಪ್ ವಿಷಯದಲ್ಲಿ ನೀವು ಜಿಪುಣರಾಗಿದ್ದೀರಿ. ಬರ್ಷಮ್ ಗಣಿಯ ಕಲ್ಲಿದ್ದಲನ್ನು ಮನೆಯ ಅಡಿಯಿಂದಲೇ ತೆಗೆದು, ಇಡೀ ಕಟ್ಟಡ ಸುಮಾರು 5 ಅಡಿ ಕುಸಿದಿತ್ತು. ಗೋಡೆ ಬಿರುಕು, ಮಾಳಿಗೆಯಿಂದ ಮಳೆನೀರು, ಕರೆಂಟ್ ಇಲ್ಲ. 1966ರಲ್ಲಿ ಅಣ್ಣ ತೀರಿಕೊಂಡ ಮೇಲೆ ಇದೆಲ್ಲ ಇವರ ತಲೆಗೆ ಬಂತು. ಅಣ್ಣನಿಗೂ ಮದುವೆಯಿಲ್ಲ, ಇವರಿಗೂ ಇಲ್ಲ. ಕೊನೆಗೆ 1973ರಲ್ಲಿ ಮನೆಯನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಒಳಗಿನ ಯಾವ ಸಾಮಾನನ್ನೂ ಹೊರಗೆ ಸಾಗಿಸಬಾರದು ಎಂಬುದು ಅವರ ಷರತ್ತು. ಕಲ್ಲಿದ್ದಲು ಮಂಡಳಿ 1,20,000 ಪೌಂಡ್ ಪರಿಹಾರ ಕೊಟ್ಟಿತು. 1977ರಲ್ಲಿ ಮನೆ ಜನರಿಗೆ ತೆರೆಯಿತು. ಮಾರನೇ ವರ್ಷವೇ ಅವರು ತೀರಿಕೊಂಡರು.

ಲೇಖನದ ಚೌಕಟ್ಟು ಎಲ್ಲಿಂದ ಸಿಗುತ್ತದೆ ಹೇಳಲೇ? ಟ್ರಸ್ಟ್‌ನವರು ನೋಡಲು ಬಂದವರನ್ನು ಮುಂಬಾಗಿಲಿನಿಂದ ಬಿಡಲಿಲ್ಲ. ಬಡಗಿಯ ಕೊಟ್ಟಿಗೆ, ಕುಲುಮೆ, ಬಟ್ಟೆ ಒಗೆಯುವ ಕೋಣೆ, ಅಡುಗೆಮನೆ ದಾಟಿಸಿ, ಆಮೇಲೆ ಧಣಿಗಳ ಹಜಾರಕ್ಕೆ ಕರೆದೊಯ್ದರು. ನೀವು ನನ್ನನ್ನು ಮುಂಬಾಗಿಲಲ್ಲೇ ನಿಲ್ಲಿಸಿ ವಂಶಾವಳಿ ಓದಿದಿರಿ. ಟ್ರಸ್ಟ್‌ನವರ ಆ ಹಿತ್ತಿಲ ದಾರಿಯಲ್ಲೇ ಬರೆಯಿರಿ. ಯಜಮಾನರು ನಿಧಾನವಾಗಿ ಬರಲಿ.

ಹದಿನಾಲ್ಕು ಪುಟ ಆರಕ್ಕೆ ಇಳಿಯಲಿ. ಅವಸರ ಬೇಡ, ತಿಂಗಳು ತಗೊಳ್ಳಿ. ಮತ್ತೆ, ಕರೆಂಟಿಲ್ಲದ ಆ ಮನೆಯಲ್ಲಿ ಕೊನೆಯ ಫಿಲಿಪ್ ಪುಟ್ಟ ಜನರೇಟರ್ ಹಾಕಿಕೊಂಡು ಟಿವಿ ನೋಡುತ್ತಿದ್ದರು ಎಂಬುದನ್ನು ಯಾಕೆ ಅಡಿಟಿಪ್ಪಣಿಗೆ ತಳ್ಳಿದಿರಿ? ಅದನ್ನು ಮೇಲೆ ತನ್ನಿ.

ಇತಿ,
ಸಂಪಾದಕ