ಅಚ್ಚಿನೊಳಗಿನ ಹೆಸರು ಹೋಲಿಸುವುದಿಲ್ಲ

ಕಾರವಾರದ ಗೆಳೆಯರೇ,

ರ‍್ಯಾಕೆಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಟರ್ನ್ ಮ್ಯಾಚಿಂಗ್ (ಮಾಹಿತಿಯ ಆಕಾರ ನೋಡಿ ಅದರ ಭಾಗಗಳನ್ನು ಬಿಡಿಸಿಕೊಳ್ಳುವ ವಿಧಾನ) ಕುರಿತ ನಿಮ್ಮ ಲೇಖನವನ್ನು ಶಿರಸಿಯಲ್ಲಿ ಕೂತು ಮೂರು ಸಲ ಓದಿದೆ. ನಿಮ್ಮ ಬರವಣಿಗೆ ತಿಳಿಯಾಗಿದೆ. ಪ್ಯಾಟರ್ನ್‌ಗೆ ‘ಅಚ್ಚು’ ಎಂದಿದ್ದು ಹಿಡಿಸಿತು. ಆದರೆ ಇದ್ದ ಹಾಗೆ ಪ್ರಕಟಿಸಲಾರೆ. ಎರಡನೇ ಪುಟದಲ್ಲಿ ‘ಅಚ್ಚಿನಲ್ಲಿರುವ ಹೆಸರನ್ನು ಮ್ಯಾಚ್ ನಮ್ಮ ಪಟ್ಟಿಯೊಂದಿಗೆ ಹೋಲಿಸುತ್ತದೆ’ ಎಂದು ಬರೆದಿದ್ದೀರಿ (ಮ್ಯಾಚ್ ಎಂದರೆ ಅಚ್ಚುಗಳನ್ನು ಒಂದೊಂದಾಗಿ ಹೊಂದಿಸಿ ನೋಡುವ ಆಜ್ಞೆ). ಹೋಲಿಸುವುದಿಲ್ಲ. ಈ ಒಂದು ಕ್ರಿಯಾಪದ ತಪ್ಪಿದ್ದರಿಂದ ಕೆಳಗಿನ ಪ್ರೋಗ್ರಾಮೂ ತಪ್ಪಿದೆ. ಅಡಿಕೆ ಚೀಲಗಳ ನಿಮ್ಮದೇ ಉದಾಹರಣೆಯನ್ನು, ಕೀಲಿಪದಗಳನ್ನೂ ಕನ್ನಡ ಲಿಪಿಗೆ ತಂದು, ಇಲ್ಲಿ ಕೊಡುತ್ತೇನೆ:

(ಡಿಫೈನ್ (ತೂಗು ಬೇಕಾದ್ದು ಚೀಲ)
  (ಮ್ಯಾಚ್ ಚೀಲ
    [(ಲಿಸ್ಟ್ ಬೇಕಾದ್ದು ಕಿಲೋ) ಕಿಲೋ]
    [_ 0]))

ಮೂರನೇ ಸಾಲು ನೋಡಿ. ಅಲ್ಲಿ ‘ಲಿಸ್ಟ್’ ಕೇಳುವ ಪ್ರಶ್ನೆ ಒಂದೇ: ಚೀಲ ಎನ್ನುವುದು ಸರಿಯಾಗಿ ಎರಡು ಅಂಶಗಳ ಪಟ್ಟಿಯೇ? ಹೌದಾದರೆ ಮೊದಲ ಅಂಶ ಏನೇ ಇರಲಿ, ಅದಕ್ಕೆ ‘ಬೇಕಾದ್ದು’ ಎಂಬ ಹೊಸ ಹೆಸರು ಬೀಳುತ್ತದೆ. ಮೇಲೆ ಫಂಕ್ಷನ್ನಿಗೆ ಕೊಟ್ಟ ‘ಬೇಕಾದ್ದು’ ಅದರ ಹಿಂದೆ ಮರೆಯಾಗುತ್ತದೆ. ನೀವು ಪರೀಕ್ಷೆಗೆ ಬಳಸಿದ ಮೂರೂ ಚೀಲ ಚಾಲಿ ಎಂಬ ಒಂದೇ ಬಗೆಯ ಅಡಿಕೆಯವು, ಹಾಗಾಗಿ ಪ್ರತಿ ಚೀಲದ ಉತ್ತರವನ್ನು ಕೂಡಿಸಿದಾಗ ಮೊತ್ತ ಸರಿಬಂತು. ಚಾಲಿ 65, ರಾಶಿ 52, ಚಾಲಿ 60 ಎಂದು ಕೊಟ್ಟು ಚಾಲಿಯ ತೂಕ ಕೇಳಿ. ಬರಬೇಕಾದ್ದು 125, ಬರುವುದು 177. ರಾಶಿ ಎಂಬ ಬೇರೆ ಬಗೆಯ ಅಡಿಕೆಯ ಚೀಲವೂ ಚಾಲಿಯ ಲೆಕ್ಕಕ್ಕೆ ಸೇರಿತು. ದೋಷದ ಸಂದೇಶವಿಲ್ಲ, ಎಚ್ಚರಿಕೆಯೂ ಇಲ್ಲ. ನನಗೆ ಬೇಸರವಾದದ್ದು ಇದಕ್ಕೇ: ಓದುಗರು ಇದನ್ನು ನಂಬಿ ಬಳಸುತ್ತಾರೆ.

ಬಗೆ ಮೊದಲೇ ಗೊತ್ತಿದ್ದರೆ ಕೋಟ್ ಚಿಹ್ನೆ ಹಾಕಿ 'ಚಾಲಿ ಎಂದು ಬರೆಯಿರಿ, ಆಗ ಹೋಲಿಕೆ ನಡೆಯುತ್ತದೆ. ಬಗೆಯ ಹೆಸರು ಚರದಲ್ಲಿ (ವೇರಿಯಬಲ್‌ನಲ್ಲಿ) ಇದ್ದರೆ (== ಬೇಕಾದ್ದು) ಎನ್ನಬೇಕು:

    [(ಲಿಸ್ಟ್ (== ಬೇಕಾದ್ದು) ಕಿಲೋ) ಕಿಲೋ]

ನಿಮ್ಮ ಗೊಂದಲದ ಮೂಲವನ್ನೂ ಊಹಿಸಬಲ್ಲೆ. ರ‍್ಯಾಕೆಟ್‌ನಲ್ಲಿ ಒಂದೇ ಹೆಸರು ಒಂದೇ ಅಚ್ಚಿನಲ್ಲಿ ಎರಡು ಸಲ ಬಂದರೆ, ಉದಾಹರಣೆಗೆ (ಲಿಸ್ಟ್ ಬಗೆ ಬಗೆ), ಎರಡೂ ಅಂಶಗಳು ಸಮವಾಗಿದ್ದರೆ ಮಾತ್ರ ಹೊಂದುತ್ತದೆ. ಅಲ್ಲಿ ನಿಜವಾಗಿಯೂ ಹೋಲಿಕೆ ಇದೆ, ಆದರೆ ಅದು ಅಚ್ಚಿನ ಒಳಗೇ ನಡೆಯುವ ಹೋಲಿಕೆ. ಹೊರಗಿನ ಚರದ ಮೌಲ್ಯ ಅಲ್ಲಿಗೆ ಬರುವುದೇ ಇಲ್ಲ. ಅಡಿಗೆರೆಗೆ (_) ಈ ನಿಯಮವಿಲ್ಲ, ಅದು ಎಷ್ಟು ಸಲ ಬಂದರೂ ಏನನ್ನಾದರೂ ಒಪ್ಪುತ್ತದೆ.

ನಾಲ್ಕನೇ ಪುಟದ ಹಿಂಕೋಟ್ (` ಚಿಹ್ನೆಯ) ಅಚ್ಚಿನಲ್ಲಿ ಇದೇ ತಪ್ಪು ತಲೆಕೆಳಗಾಗಿ ಬಂದಿದೆ. ನೀವು `(ಚಾಲಿ ಕಿಲೋ) ಎಂದಿದ್ದೀರಿ. ಹಿಂಕೋಟಿನೊಳಗೆ ಎಲ್ಲವೂ ಅಕ್ಷರಶಃ. ‘ಕಿಲೋ’ ಎಂಬ ಪದವೇ ಪಟ್ಟಿಯಲ್ಲಿ ಇದ್ದರೆ ಮಾತ್ರ ಅದು ಹೊಂದುತ್ತದೆ. ತೂಕ ಹಿಡಿಯಬೇಕಾದರೆ ಅಲ್ಪವಿರಾಮ ಬೇಕು: `(ಚಾಲಿ ,ಕಿಲೋ).

ನಾನು ಕಲಿಯುತ್ತಿದ್ದಾಗ ಕಾಗದದ ಮೇಲೆ ಅಚ್ಚಿನ ಪ್ರತಿ ಪದದಡಿ ಪೆನ್ಸಿಲ್ಲಿನಲ್ಲಿ ‘ಇಡು’ ಅಥವಾ ‘ನೋಡು’ ಎಂದು ಬರೆಯುತ್ತಿದ್ದೆ. ಬರಿಯ ಹೆಸರಿಗೆ ‘ಇಡು’; ಕೋಟ್, ಸಂಖ್ಯೆ, ಸ್ಟ್ರಿಂಗ್, == ಇವಕ್ಕೆ ‘ನೋಡು’. ಈಗ ಡಾಕ್ಟರ್‌ರ‍್ಯಾಕೆಟ್ ಎಂಬ, ಪ್ರೋಗ್ರಾಮ್ ಬರೆಯುವ ತಂತ್ರಾಂಶ ಆ ಕೆಲಸ ಮಾಡಿಕೊಡುತ್ತದೆ. ‘ಬೇಕಾದ್ದು’ ಮೇಲೆ ಮೌಸ್ ಇಟ್ಟು ಬಾಣ ಎತ್ತ ಹೋಗುತ್ತದೆ ನೋಡಿ. ನಿಮ್ಮ ಪ್ರೋಗ್ರಾಮಿನಲ್ಲಿ ಫಂಕ್ಷನ್ನಿನ ‘ಬೇಕಾದ್ದು’ವಿನಿಂದ ಅಚ್ಚಿಗೆ ಬಾಣವೇ ಇಲ್ಲ. ತಿದ್ದಿದ ಮೇಲೆ ಇರುತ್ತದೆ.

ಇನ್ನೊಂದು ತಪ್ಪನ್ನೂ ಬಿಡಲಾರೆ. 60 ಕಿಲೋ ಮೀರಿದ ಚೀಲ ಆರಿಸಲು ನೀವು ಹೀಗೆ ಬರೆದು,

    [(ಲಿಸ್ಟ್ 'ಚಾಲಿ ಕಿಲೋ) (ವೆನ್ (> ಕಿಲೋ 60) ಕಿಲೋ)]

‘ಮೀರದಿದ್ದರೆ ಮುಂದಿನ ಸಾಲಿಗೆ ಹೋಗುತ್ತದೆ’ ಎಂದಿದ್ದೀರಿ. ಹೋಗುವುದಿಲ್ಲ. ಅಚ್ಚು ಹೊಂದಿ ಒಡಲಿಗೆ (ಅಚ್ಚಿನ ನಂತರದ, ಉತ್ತರ ಕೊಡುವ ಭಾಗಕ್ಕೆ) ಕಾಲಿಟ್ಟ ಮೇಲೆ ಆಯ್ಕೆ ಮುಗಿಯಿತು. 60ರ ಚೀಲಕ್ಕೆ ಬರುವ ಉತ್ತರ ವಾಯ್ಡ್, ಅಂದರೆ ಸಂಖ್ಯೆಯಲ್ಲದ ‘ಏನೂ ಇಲ್ಲ’ ಎಂಬ ಮೌಲ್ಯ. ಅದನ್ನು ಮೊತ್ತಕ್ಕೆ ಕೂಡಿಸಹೋದಾಗ ಸಂಕಲನ ಚಿಹ್ನೆ ದೂರುತ್ತದೆ, ಮ್ಯಾಚ್ ಅಲ್ಲ, ಕಲಿಯುವವರು ದೋಷವನ್ನು ಬೇರೆಲ್ಲೋ ಹುಡುಕುತ್ತಾ ಕೂರುತ್ತಾರೆ. ಷರತ್ತು ಅಚ್ಚಿಗೂ ಒಡಲಿಗೂ ನಡುವೆ ಇರಬೇಕು:

    [(ಲಿಸ್ಟ್ 'ಚಾಲಿ ಕಿಲೋ) #:ವೆನ್ (> ಕಿಲೋ 60) ಕಿಲೋ]

ಹೀಗೆ ಬರೆದರೆ ಷರತ್ತು ಸುಳ್ಳಾದಾಗ ನಿಜವಾಗಿಯೂ ಮುಂದಿನ ಸಾಲಿನ ಸರದಿ ಬರುತ್ತದೆ.

ಕೊನೆಯ ಸಾಲಿನ [_ 0] ಕೂಡ ಬದಲಾಗಲಿ. ಯಾರೋ ದರವನ್ನೂ ಸೇರಿಸಿ ಮೂರು ಅಂಶ ಬರೆದರೆ ಆ ಚೀಲ ಸದ್ದಿಲ್ಲದೆ ಸೊನ್ನೆಯಾಗುತ್ತದೆ. [(ಲಿಸ್ಟ್ _ _) 0] ಎಂದಿದ್ದರೆ ಬೇರೆ ಬಗೆಯ ಚೀಲಕ್ಕೆ ಮಾತ್ರ ಸೊನ್ನೆ. ಆಕಾರವೇ ತಪ್ಪಿದ್ದರೆ ಹೊಂದುವ ಸಾಲಿಲ್ಲವೆಂದು ರ‍್ಯಾಕೆಟ್ ಅಲ್ಲೇ ನಿಲ್ಲಿಸುತ್ತದೆ.

‘ಅಡಿಕೆ ಆರಿಸಿದಂತೆ’ ಎಂಬ ನಿಮ್ಮ ಹೋಲಿಕೆಗೆ ಒಂದು ಪದ ಸೇರಿಸಿ. ಮ್ಯಾಚ್ ಬಗೆ ನೋಡಿ ರಾಶಿ ಹಾಕುವುದಷ್ಟೇ ಅಲ್ಲ, ಸಿಪ್ಪೆ ಬಿಡಿಸಿ ಒಳಗಿನದನ್ನು ಕೈಗೆ ಕೊಡುತ್ತದೆ. ‘ಸುಲಿದು ಆರಿಸಿದಂತೆ’ ಎನ್ನಿ.

ತಿದ್ದಿ ಕಳಿಸುವಾಗ ಪ್ರತಿ ಉದಾಹರಣೆಗೂ ಬೇರೆ ಬಗೆಯ ಒಂದು ಚೀಲ, ಮೂರು ಅಂಶಗಳದ್ದೊಂದು, ಖಾಲಿ ಪಟ್ಟಿಯೊಂದು ಕೊಟ್ಟು ನೋಡಿ, ಬಂದ ಉತ್ತರವನ್ನು ಪಕ್ಕದಲ್ಲೇ ಬರೆಯಿರಿ. ದೋಷದ ಸಂದೇಶ ಬಂದರೆ ಅದನ್ನೂ ಹಾಗೇ ಇಳಿಸಿ. ಕಾಯುತ್ತಿರುತ್ತೇನೆ.